ರಿಪೋರ್ಟ್ ಎಲ್ಲಾ ನಾರ್ಮಲ್, ಸೊಂಟ ನೋವು ಮಾತ್ರ ಹೋಗಿಲ್ಲ. ಡಾಕ್ಟರನ್ನು ನಂಬಿಸೋದು ಹೇಗೆ?

ನಿಮ್ಮ ವಯಸ್ಸು 31, ಊರು ಚಿಕ್ಕಮಗಳೂರು, ಮಗು ಹುಟ್ಟಿದಾಗಿನಿಂದ ಸೊಂಟ ನೋವು ಅಂತ ಬರೆದಿದ್ದೀರಿ. ಎಕ್ಸ್‌ರೇ, ರಕ್ತ ಪರೀಕ್ಷೆ ಎಲ್ಲಾ ನಾರ್ಮಲ್. ಡಾಕ್ಟರು "ಟೆನ್ಷನ್ ಬಿಡಿ, ರೆಸ್ಟ್ ತಗೊಳ್ಳಿ" ಅಂತ ಕಳಿಸಿದ್ದಾರೆ, ಮನೆಯವರೂ ಅದನ್ನೇ ಹೇಳುತ್ತಿದ್ದಾರೆ. ನೋವು ನಿಜ ಅಂತ ನಂಬಿಸೋದು ಹೇಗೆ ಅನ್ನೋದು ನಿಮ್ಮ ಪ್ರಶ್ನೆ.

ನೋವು ಎಷ್ಟಿದೆ ಅಂತ ಹೇಳಿ ನಂಬಿಸೋದು ಕಷ್ಟ. ಅದು ಯಾವ ಹೊತ್ತಿಗೆ ಬರುತ್ತೆ, ಏನು ಮಾಡಿದರೆ ಏರುತ್ತೆ, ಯಾವಾಗ ಬಿಡುತ್ತೆ ಅನ್ನೋದನ್ನ ಹೇಳಿ. ವೈದ್ಯರಿಗೆ ಕೆಲಸಕ್ಕೆ ಬರೋದು ಅದೇ. ನನ್ನ ಕಾಯಿಲೆ ಪತ್ತೆಯಾಗಿದ್ದೂ ಅಂಥ ಒಂದು ಪ್ರಶ್ನೆಯಿಂದ.

ನಾನು ಬೇಲೂರಿನವಳು, ಟೈಲರಿಂಗ್ ಮಾಡ್ತೀನಿ. ಸಿಸೇರಿಯನ್ ಆದಮೇಲೆ ನೋವು ಜೋರಾದಾಗ, ನಮ್ಮ ಕಡೆ ಎಲ್ಲರೂ ಹೇಳೋ ಹಾಗೆ, ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿಂದ ಅಂದರು. ಆ ಅರಿವಳಿಕೆ ಸೂಜಿಯಿಂದ ವರ್ಷಗಟ್ಟಲೆ ಸೊಂಟ ನೋವು ಬರೋದಿಲ್ಲ ಅಂತ ಅಧ್ಯಯನಗಳು ತೋರಿಸಿವೆ. ಆದರೂ ಆ ಒಂದು ಮಾತು ಬಾಯಿಗೆ ಬಂದುಬಿಟ್ಟರೆ ಮುಂದೆ ಯಾರೂ ಕಾರಣ ಹುಡುಕೋದಿಲ್ಲ. ಹೆಂಗಸರ ಸೊಂಟ ನೋವಿಗೆ ಹೆರಿಗೆ, ನೀರು ಹೊತ್ತಿದ್ದು, ಮಿಷನ್ ತುಳಿದಿದ್ದು ಅಂತ ಕಾರಣಗಳು ಸಿದ್ಧವಾಗೇ ಇರುತ್ತವೆ. ಇದು ನನಗೆ ಇವತ್ತಿಗೂ ಸಿಟ್ಟು ತರಿಸುವ ವಿಷಯ.

ನನ್ನ ನೋವು ಹೀಗಿತ್ತು. ಬೆಳಗಿನ ಜಾವ ಎಚ್ಚರವಾಗ್ತಿತ್ತು, ಮಗ್ಗುಲು ಬದಲಿಸಲು ಮಂಚದ ಅಂಚು ಹಿಡಿದು ಮೈಯನ್ನು ಎಳೆದುಕೊಳ್ಳಬೇಕಿತ್ತು. ಎದ್ದರೆ ಸೊಂಟದಿಂದ ಪಿರ್ರೆಯವರೆಗೆ ಬಿಗಿದುಕೊಂಡಿರುತ್ತಿತ್ತು. ಒಮ್ಮೆ ಎಡ, ಇನ್ನೊಮ್ಮೆ ಬಲ. ಅಂಗಳ ಗುಡಿಸಿ, ಹಂಡೆಗೆ ಒಲೆ ಹಚ್ಚಿ, ನೀರು ಕಾಯೋ ಹೊತ್ತಿಗೆ ನಿಧಾನಕ್ಕೆ ಸಡಿಲವಾಗ್ತಿತ್ತು. ಅಷ್ಟರಲ್ಲಿ ಮನೆಯವರು ಏಳುತ್ತಿದ್ದರು. ಅವರು ನೋಡ್ತಿದ್ದದ್ದು ಓಡಾಡಿಕೊಂಡಿರೋ ನನ್ನನ್ನ. "ಕೆಲಸ ಮಾಡೋವಾಗ ಇಲ್ಲದ ನೋವು ಮಲಗಿದಾಗ ಎಲ್ಲಿಂದ ಬರುತ್ತೆ?" ಅಂತ ಅತ್ತೆ ಕೇಳ್ತಿದ್ದರು. ರೆಸ್ಟ್ ತಗೊಳ್ಳಿ ಅಂದ ದಿನಗಳಲ್ಲಂತೂ ಇನ್ನೂ ಹೆಚ್ಚಾಗ್ತಿತ್ತು.

ಆಮೇಲೆ ಒಂದು ದಿನ ಕಣ್ಣು ಕೆಂಡದ ಹಾಗೆ ಕೆಂಪಾಯ್ತು, ನೋವು, ಬೆಳಕು ನೋಡೋಕೆ ಆಗ್ತಿರಲಿಲ್ಲ. ಹಾಸನಕ್ಕೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಯುವಿಯೈಟಿಸ್, ಅಂದರೆ ಕಣ್ಣಿನೊಳಗಿನ ಉರಿಯೂತ ಅಂದರು. ಚೀಟಿ ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿ, "ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡಿರುತ್ತಾ? ಓಡಾಡಿದ ಮೇಲೆ ಬಿಡುತ್ತಾ?" ಅಂತ ಕೇಳಿದರು. ಅತ್ತೆ ಕೇಳಿದ್ದೂ ಅದೇ ಪ್ರಶ್ನೆ. ಆದರೆ ಇವರು ಉತ್ತರಕ್ಕೆ ಕಾದರು.

ನನಗಿರೋದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಬೆನ್ನುಮೂಳೆಯ ಬುಡದಲ್ಲಿ, ಸೊಂಟದ ಮೂಳೆ ಸೇರುವ ಸ್ಯಾಕ್ರೋಇಲಿಯಾಕ್ ಕೀಲುಗಳಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಉರಿಯೂತ ಎಬ್ಬಿಸುತ್ತೆ, ಕೆಲವರಿಗೆ ಕಣ್ಣಲ್ಲೂ. 40 ವಯಸ್ಸಿನೊಳಗೆ ನಿಧಾನವಾಗಿ ಶುರುವಾದ ನೋವು, ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದದ್ದು, ವಿಶ್ರಾಂತಿಯಿಂದ ಕಡಿಮೆಯಾಗದೆ ಚಲನೆಯಿಂದ ಕಡಿಮೆಯಾಗೋದು, ರಾತ್ರಿ ಎಬ್ಬಿಸೋದು: ಇವಿಷ್ಟೂ ಸೇರಿದರೆ ಅದು ಉಳುಕಿನ ನೋವಲ್ಲ, ಉರಿಯೂತದ ನೋವಿರಬಹುದು ಅಂತ ನೋಡಲೇಬೇಕು. ಗಂಡಸರ ಕಾಯಿಲೆ ಅನ್ನೋ ಹಳೇ ಪಾಠ ಇನ್ನೂ ಹಲವರ ತಲೆಯಲ್ಲಿದೆ. ಎಕ್ಸ್‌ರೇಯಲ್ಲಿ ಕಾಣದ ಹಂತದಲ್ಲಿ ಹೆಂಗಸರು ಗಂಡಸರು ಹೆಚ್ಚುಕಮ್ಮಿ ಸಮ.

ಈಗ ನಿಮ್ಮ ನಾರ್ಮಲ್ ಎಕ್ಸ್‌ರೇ ತೆಗೆದು ಮೇಲಿನ ಸಾಲು ಓದಿ. ಲಂಬಾರ್ ಸ್ಪೈನ್ ಅಂತ ಇದ್ದರೆ ಅದು ಬೆನ್ನಿನ ಕೆಳಭಾಗದ್ದು, ಈ ಕೀಲುಗಳನ್ನು ನೋಡಲು ಪೆಲ್ವಿಸ್ ಎಕ್ಸ್‌ರೇ ಬೇಕು. ಮೊದಲ ವರ್ಷಗಳಲ್ಲಿ ಅದೂ ನಾರ್ಮಲ್ ಬರಬಹುದು, ಆಗ ಸ್ಯಾಕ್ರೋಇಲಿಯಾಕ್ ಕೀಲುಗಳ ಎಂಆರ್‌ಐ ಮೂಳೆಯೊಳಗಿನ ಊತವನ್ನು ಬೇಗ ತೋರಿಸುತ್ತೆ. ಇಎಸ್‌ಆರ್, ಸಿಆರ್‌ಪಿ ಅನ್ನೋ ಉರಿಯೂತದ ರಕ್ತ ಪರೀಕ್ಷೆಗಳು ನಾರ್ಮಲ್ ಇದ್ದೂ ಕಾಯಿಲೆ ಇರಬಹುದು. ಎಚ್‌ಎಲ್‌ಎ-ಬಿ27 ಅನ್ನೋ ಜೀನ್ ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಕಾಯಿಲೆ ಇದೆ ಅಂತಲ್ಲ, ನೆಗೆಟಿವ್ ಬಂದರೆ ಇಲ್ಲ ಅಂತಲೂ ಅಲ್ಲ. ಹಾಗಾಗಿ ಲ್ಯಾಬಿಗೆ ನೀವೇ ಹೋಗಿ ದುಡ್ಡು ಸುರಿಯಬೇಡಿ, ಕೀಲುವಾತ ತಜ್ಞರಿಗೆ, ಅಂದರೆ ರುಮಟಾಲಜಿಸ್ಟ್‌ಗೆ ತೋರಿಸಿ. ಬೆಂಗಳೂರು, ಮಂಗಳೂರು, ಮೈಸೂರಲ್ಲಿ ಸಿಗುತ್ತಾರೆ. ನಾನು ಬೆಂಗಳೂರಿಗೆ ಹಾಸನದಿಂದ ರೈಲಲ್ಲೇ ಹೋಗೋದು. ಶ್ರವಣಬೆಳಗೊಳದ ಮೇಲೆ ಹೋಗೋ ನೇರ ಮಾರ್ಗ 2017ರಲ್ಲಿ ಬಂತು, ರೈಲಲ್ಲಾದರೆ ಎದ್ದು ನಾಲ್ಕು ಹೆಜ್ಜೆ ಹಾಕಬಹುದು. ಬಸ್ಸಲ್ಲಿ ಕೂತು ಹೋದರೆ ಇಳಿಯುವಾಗ ಬೆನ್ನು ಮರಗಟ್ಟಿರುತ್ತೆ.

ಡಾಕ್ಟರ ಮುಂದೆ ಸಿಗೋದು ಕೆಲವೇ ನಿಮಿಷ, ಹೊರಗೆ ಕ್ಯೂ ಇರುತ್ತೆ ಅನ್ನೋದೂ ನಿಜ. ಅದಕ್ಕೆ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಂಡು ಹೋಗಿ. ಶುರುವಾಗಿದ್ದು ಯಾವಾಗ (ಗರ್ಭಿಣಿಯಾಗೋ ಮೊದಲೇ ಸಣ್ಣಗೆ ಇತ್ತಾ ಅಂತ ನೆನಪು ಮಾಡಿಕೊಳ್ಳಿ, ನನಗೆ ಇತ್ತು), ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತೆ, ಯಾವ ಮಾತ್ರೆ ಎಷ್ಟು ದಿನ ತಗೊಂಡಿರಿ, ಅದರಿಂದ ಏನಾಯ್ತು. "ತುಂಬಾ ನೋವು" ಅನ್ನೋ ಬದಲು "ಮಗುವನ್ನ ತೊಟ್ಟಿಲಿಂದ ಎತ್ತೋಕಾಗಲ್ಲ" ಅಂತ ಬರೆಯಿರಿ. ಮನೆಯಲ್ಲಿ ಯಾರಿಗೆ ಸೋರಿಯಾಸಿಸ್ ಅನ್ನೋ ಚರ್ಮದ ಕಾಯಿಲೆ, ಬಾಗಿದ ಬೆನ್ನು ಇತ್ತು ಅನ್ನೋದನ್ನೂ ಸೇರಿಸಿ. ಜೊತೆಗೆ ನಿಮ್ಮ ಯಜಮಾನರನ್ನು ಕರೆದುಕೊಂಡು ಹೋಗಿ. ಡಾಕ್ಟರು ಕೇಳೋ ಪ್ರಶ್ನೆಗಳನ್ನ ಅವರೂ ಕೇಳಿಸಿಕೊಂಡರೆ ಮನೆಯ ಮಾತು ಬದಲಾಗುತ್ತೆ.

ಟೆನ್ಷನ್ ಅಂತ ಹೇಳಿದರೆ ಜಗಳ ಬೇಡ, ಸುಮ್ಮನೆ ಎದ್ದೂ ಬರಬೇಡಿ. "ಸಾರ್, ಉರಿಯೂತದ ನೋವು ಅಲ್ಲ ಅಂತ ಯಾವುದರಿಂದ ಗೊತ್ತಾಯ್ತು?" ಅಂತ ಮೆತ್ತಗೆ ಕೇಳಿ. "ರುಮಟಾಲಜಿಗೆ ಒಂದು ರೆಫರಲ್ ಚೀಟಿ ಬರೆದುಕೊಡಿ" ಅನ್ನಿ. ಆಸ್ಪತ್ರೆಯಲ್ಲಿ ದಾಖಲೆ ಕೊಡಲು ಸತಾಯಿಸಿದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ರೋಗಿ ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕು ಅಂತ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲೇ ಇದೆ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳೋದು ಯಾರಿಗೂ ಮಾಡುವ ಅವಮಾನವಲ್ಲ, ಅದು ನಿಮ್ಮ ಹಕ್ಕು.

ನಿಮಗೂ ನನ್ನದೇ ಕಾಯಿಲೆ ಅಂತ ನಾನು ಹೇಳ್ತಿಲ್ಲ. ಎಲ್ಲಾ ಪರೀಕ್ಷೆ ಸರಿಯಾಗಿ ಮಾಡಿಯೂ ಏನೂ ಸಿಗದೆ ಇರಬಹುದು. ಆಗಲೂ ನೋವು ಸುಳ್ಳಾಗೋದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಪಟ್ಟಿಯಲ್ಲಿ, ಅಂದರೆ 2022ರಿಂದ ಜಾರಿಯಲ್ಲಿರೋ ಕಾಯಿಲೆಗಳ ಪಟ್ಟಿಯಲ್ಲಿ, ದೀರ್ಘಕಾಲದ ನೋವನ್ನೇ ಒಂದು ಕಾಯಿಲೆಯಾಗಿ ಸೇರಿಸಿದ್ದಾರೆ. ನರಗಳು ನೋವಿನ ಸಂದೇಶವನ್ನ ಅತಿಯಾಗಿ ದೊಡ್ಡದು ಮಾಡಿ ಕಳಿಸೋಕೆ ಶುರುಮಾಡಿದಾಗ ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್ ತರದ ಮಾತ್ರೆ ಕೊಡ್ತಾರೆ. ಮೆಡಿಕಲ್ ಶಾಪಿನವರು "ಇದು ಡಿಪ್ರೆಶನ್ ಮಾತ್ರೆ" ಅಂದರು ಅಂತ ಬೇಜಾರಾಗಿ ಬಿಡಬೇಡಿ, ಅವು ನೋವಿನ ದಾರಿಯ ಮೇಲೂ ಕೆಲಸ ಮಾಡುತ್ತವೆ. ಯಾಕೆ ಕೊಟ್ಟಿದ್ದು ಅಂತ ಡಾಕ್ಟರನ್ನೇ ಕೇಳಿ.

ನನಗೆ ಈಗ ನೋವು ಪೂರ್ತಿ ಹೋಗಿಲ್ಲ. ದಿನಾ ವ್ಯಾಯಾಮ ತಪ್ಪಿಸೋದಿಲ್ಲ, ಮಿಷನ್ನಿನಿಂದ ಆಗಾಗ ಏಳ್ತೀನಿ. ಉರಿಯೂತದ ಮಾತ್ರೆ ತಗೊಳ್ಳೋದ್ರಿಂದ ಕಿಡ್ನಿಗೆ ಕ್ರಿಯಾಟಿನಿನ್ ಪರೀಕ್ಷೆ ಆಗಾಗ ಮಾಡಿಸ್ತಾರೆ. ಮುಂದೆ ಬೇಕಾದರೆ ರೋಗನಿರೋಧಕ ಶಕ್ತಿಯನ್ನ ತಗ್ಗಿಸೋ ಅಡಾಲಿಮುಮ್ಯಾಬ್‌ನಂಥ ಇಂಜೆಕ್ಷನ್ ಇದೆ, ಅದಕ್ಕೆ ಮೊದಲು ಒಳಗೆ ಅಡಗಿರೋ ಟಿಬಿ ಇದೆಯಾ ಅಂತ ನೋಡ್ತಾರೆ. ಸಂತೆ ದಿನ ಕ್ಲಿನಿಕ್ಕಲ್ಲಿ ಕೊಡೋ ಹೆಸರಿಲ್ಲದ ಮಾತ್ರೆ, "ಒಂದೇ ಸೂಜಿ, ನೋವು ಮಾಯ" ಅನ್ನೋ ಇಂಜೆಕ್ಷನ್ ಮಾತ್ರ ಬೇಡ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ನಾಲ್ಕು ದಿನ ಹಗುರಾಗುತ್ತೆ, ಪದೇ ಪದೇ ತಗೊಂಡರೆ ಮೂಳೆ ಸವೆಯುತ್ತೆ, ಸಕ್ಕರೆ ಏರುತ್ತೆ.

ಕೊನೆಯದಾಗಿ, ಇವುಗಳಲ್ಲಿ ಯಾವುದಾದರೂ ಇದ್ದರೆ ರುಮಟಾಲಜಿಸ್ಟ್ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ: ಮೂತ್ರ ಕಟ್ಟೋದು ಅಥವಾ ಹಿಡಿತ ತಪ್ಪೋದು, ತೊಡೆಸಂದಿಯ ಸುತ್ತ ಜೋಮು ಹಿಡಿದು ಸ್ಪರ್ಶ ಗೊತ್ತಾಗದಿರೋದು, ಕಾಲಲ್ಲಿ ಬಲ ಕುಂದೋದು, ನೋವಿನ ಜೊತೆ ಜ್ವರ. ಅದೇ ದಿನ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಕಣ್ಣು ಕೆಂಪಾಗಿ ಬೆಳಕು ಚುಚ್ಚಿದರೆ ಕಣ್ಣಿನ ಡಾಕ್ಟರಿಗೆ ಅವತ್ತೇ ತೋರಿಸಿ, ಸೊಂಟ ನೋವಿನ ವಿಷಯವನ್ನೂ ಅವರಿಗೆ ಹೇಳಿ.