ಝೆಲ್ಟ್‌ಕೋವ್ ಮಾಡಿದ್ದು ಪ್ರೀತಿಯಾ, ಕಾಟವಾ?

ನಮಸ್ಕಾರ. ರಷ್ಯಾದ ಲೇಖಕ ಕುಪ್ರಿನ್ ಅವರ ‘ಗಾರ್ನೆಟ್ ಬಳೆ’ (1911) ಕಥೆ ಓದಿ ನಿಮಗೆ ಸಿಟ್ಟು ಬಂದಿದೆ. ರಾಜಮನೆತನದ ವೆರಾಗೆ ವರ್ಷಗಟ್ಟಲೆ ಪ್ರೇಮಪತ್ರ ಬರೆಯುವ ಬಡ ಗುಮಾಸ್ತ ಝೆಲ್ಟ್‌ಕೋವ್‌ನನ್ನು ಯಾಕೆ ಹೊಗಳಬೇಕು, ಇದು ಕಾಟ ಅಲ್ವಾ ಎಂದು ಕೇಳಿದ್ದೀರಿ.

ಕಾಟವೇ. ಪೂರ್ತಿ ಹೆಸರು ಹೇಳದೆ ಕಾಗದ ಹಾಕಿದ, ಬಾಲ್ ನೃತ್ಯದಲ್ಲಿ ಅವಳು ಮರೆತುಹೋದ ಕರವಸ್ತ್ರ ಕದ್ದಿಟ್ಟುಕೊಂಡ. ಆದರೆ ಪ್ರೀತಿಯ ಮಾತು ಸಾಕು ಎಂದು ಅವಳು ಒಮ್ಮೆ ಚೀಟಿ ಬರೆದ ಮೇಲೆ ಆ ಮಾತು ಎತ್ತಲಿಲ್ಲ. ಹೊಸವರ್ಷ, ಈಸ್ಟರ್, ಅವಳ ನಾಮದಿನ (ಅವಳ ಹೆಸರಿನ ಸಂತರ ಹಬ್ಬ), ಅಷ್ಟಕ್ಕೇ ಕಾಗದ.

ನನಗೆ ಜಾಸ್ತಿ ಚುಚ್ಚುವುದು ವೆರಾ ಮನೆಯವರ ನಡತೆ. ಆ ಕಾಗದಗಳು ಅಲ್ಲಿ ನಗೆಯ ಸರಕು! ಗಂಡ ವಾಸಿಲಿ ಅವನ ಮೇಲೆ ತಮಾಷೆಯ ಚಿತ್ರಗಳ ಆಲ್ಬಮ್ಮನ್ನೇ ಮಾಡಿ ಅತಿಥಿಗಳಿಗೆ ತೋರಿಸುತ್ತಾನೆ. ಅದೇ ಸಂಜೆ ವೆರಾಗೆ ಝೆಲ್ಟ್‌ಕೋವ್ ಕಳಿಸಿದ ಬಳೆ ಬರುತ್ತದೆ. ಕಡಿಮೆ ದರ್ಜೆಯ ಚಿನ್ನ, ಸರಿಯಾಗಿ ನಯವಾಗದ ಕೆಂಪು ಗಾರ್ನೆಟ್ ಕಲ್ಲುಗಳು, ನಡುವೆ ಒಂದು ಹಸಿರು ಕಲ್ಲು, ಎಲ್ಲ ಮುತ್ತಜ್ಜಿಯ ಬಳೆಯಿಂದ ಬಿಚ್ಚಿದ್ದು. ಈಗ ಮಾತ್ರ ಮರ್ಯಾದೆಯ ಪ್ರಶ್ನೆ ಏಳುತ್ತದೆ. ರಾಜಕುಮಾರಿ ನನ್ನ ಉಡುಗೊರೆ ತಗೊಂಡಳು ಎಂದು ಇವನು ಊರೆಲ್ಲ ಹೇಳಿಕೊಂಡರೆ ಏನು ಗತಿ ಎಂಬುದು ವೆರಾಳ ಅಣ್ಣ ನಿಕೊಲಾಯ್‌ನ ಚಿಂತೆ.

ಬೆಕ್ಕು, ಇಲಿ, ಸೀಮೆಎಣ್ಣೆ ವಾಸನೆಯ ಮೆಟ್ಟಿಲು ಹತ್ತಿ ವಾಸಿಲಿ, ನಿಕೊಲಾಯ್ ಇಬ್ಬರೂ ಝೆಲ್ಟ್‌ಕೋವ್‌ನ ಕೋಣೆಗೆ ಹೋಗುವ ಪುಟಗಳನ್ನು ದಯವಿಟ್ಟು ಇನ್ನೊಮ್ಮೆ ಓದಿ. ಮೊದಲು ಅವನು ಪಾಪ ನಡುಗುತ್ತಾ ಕೋಟಿನ ಗುಂಡಿ ಹಾಕುತ್ತಾನೆ, ಬಿಚ್ಚುತ್ತಾನೆ. ಅಧಿಕಾರಿಗಳಿಗೆ ದೂರು ಕೊಡೋಣ ಅಂದಿದ್ದೆ ಎಂದು ನಿಕೊಲಾಯ್ ಬಾಯಿಬಿಟ್ಟ ಕೂಡಲೇ ನಕ್ಕುಬಿಡುತ್ತಾನೆ. ಸೋಫಾದ ಮೂಲೆಯಲ್ಲಿ ಆರಾಮಾಗಿ ಕೂತು ಸಿಗರೇಟು ಹಚ್ಚುತ್ತಾನೆ. ಆಮೇಲೆ ಮಾತಾಡುವುದು ವಾಸಿಲಿ ಜೊತೆ ಮಾತ್ರ. ಪೊಲೀಸು, ಪದವಿ ಯಾವುದೂ ತನ್ನ ಪ್ರೀತಿಯನ್ನು ಮುಟ್ಟಲ್ಲ ಎಂದು ಅವನಿಗೆ ಗೊತ್ತು. ಕುಪ್ರಿನ್ ಇದನ್ನು ಭಾಷಣ ಮಾಡದೆ ಬರೀ ಒಂದು ಸಿಗರೇಟಿನಲ್ಲಿ ತೋರಿಸಿದರು, ಅದಕ್ಕೇ ಈ ಕಥೆ ನನಗೆ ಇಷ್ಟ. ಆಲ್ಬಮ್ ಬರೆದ ವಾಸಿಲಿಯೇ ಆಗ, ಇಲ್ಲಿ ನನ್ನಿಂದ ಕೋಡಂಗಿಯಾಟ ಆಗಲ್ಲ ಎನ್ನುತ್ತಾನೆ.

ಕೊನೆಗೆ ಝೆಲ್ಟ್‌ಕೋವ್ ಆತ್ಮಹತ್ಯೆ ಮಾಡಿಕೊಂಡದ್ದನ್ನು ನಾನೂ ಹೊಗಳಲ್ಲ. ವೆರಾ ಮೇಲೆ ಆ ಭಾರ ಹೊರಿಸಿದ್ದು ಅನ್ಯಾಯ ಎಂಬ ನಿಮ್ಮ ಮಾತು ಸರಿ.

ಇದರ ಜೊತೆಗೆ ಗೊಗೋಲ್‌ರ ‘ಹುಚ್ಚನ ದಿನಚರಿ’ (1835) ಓದಿ. ಅಲ್ಲಿಯ ಗುಮಾಸ್ತ ಪೊಪ್ರಿಶ್ಚಿನ್, ರಷ್ಯಾದ ಪೀಟರ್ ದೊರೆ 1722ರಲ್ಲಿ ಸರ್ಕಾರಿ ನೌಕರರಿಗೆ ಮಾಡಿದ 14 ದರ್ಜೆಗಳ ಪಟ್ಟಿಯಲ್ಲಿ 9ನೇ ದರ್ಜೆಯವನು. ಸಾಹೇಬರ ಗರಿ ಲೇಖನಿ ಚೂಪು ಮಾಡುತ್ತಾ ಅವರ ಮಗಳನ್ನು ಪ್ರೀತಿಸುತ್ತಾನೆ. ಅವಳಿಗೆ ಅರಮನೆಯ ಅಧಿಕಾರಿಯ ಜೊತೆ ಮದುವೆ ಎಂದು ತಿಳಿದಾಗ, ನಾನು ಯಾಕೆ 9ನೇ ದರ್ಜೆಯವನು ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ, ಆಮೇಲೆ ತಾನೇ ಸ್ಪೇನಿನ ರಾಜ ಅಂದುಕೊಳ್ಳುತ್ತಾನೆ. ಅವನ ಬಗ್ಗೆ ನಿಮಗೆ ಏನನ್ನಿಸಿತು, ಬರೆಯಿರಿ.

– ಸಂ.