ಕಾಫಿ ಪುಡಿ ಅಂಗಡಿಗೆ ಇದು ಮೊದಲ ಡಿಸೆಂಬರ್ ಸೀಸನ್. ಸಾಲ ಮಾಡಿ ಸ್ಟಾಕ್ ಹಾಕಬೇಕಾ?

ಆರು ತಿಂಗಳ ಹಿಂದೆ ಚಿಕ್ಕಮಗಳೂರಿನಲ್ಲಿ ಕಾಫಿ ಪುಡಿ ಅಂಗಡಿ ಇಟ್ಟಿದ್ದೀರಿ. ಕ್ರಿಸ್‌ಮಸ್, ಹೊಸ ವರ್ಷಕ್ಕೆ ಪ್ರವಾಸಿಗರು ಮುಗಿಬೀಳುತ್ತಾರೆ, ಸಾಲ ತಂದಾದರೂ ಈಗಲೇ ಪುಡಿ ಪ್ಯಾಕ್ ಮಾಡಿ ಇಟ್ಟುಕೊಳ್ಳಲಾ ಅಂತ ಕೇಳಿದ್ದೀರಿ. ನಾನು ಇದೇ ಊರಲ್ಲಿ ಹನ್ನೊಂದು ವರ್ಷದಿಂದ ಇದೇ ವ್ಯಾಪಾರ ಮಾಡುತ್ತಿದ್ದೇನೆ. ದಯವಿಟ್ಟು ಪುಡಿ ಮಾಡಿ ಇಡಬೇಡಿ. ದುಡ್ಡು ಹಾಕುವುದಿದ್ದರೆ ಹಸಿ ಬೀಜಕ್ಕೆ, ಅಂದರೆ ಒಣಗಿಸಿದ, ಇನ್ನೂ ಹುರಿಯದ ಬೀಜಕ್ಕೆ ಹಾಕಿ, ಅದೂ ಕೈಯಲ್ಲಿ ಇರುವಷ್ಟು ಮಾತ್ರ.

ನನ್ನ ಮೊದಲ ಸೀಸನ್‌ನಲ್ಲಿ ನಾನೂ ಇದೇ ಯೋಚನೆ ಮಾಡಿದ್ದೆ. ಡಿಸೆಂಬರ್ 20ಕ್ಕೆ ನಲವತ್ತು ಕೆಜಿ ಹುರಿದು, ಪುಡಿ ಮಾಡಿ, ಬಿಸಿ ಆರುವ ಮುಂಚೆಯೇ ರಾತ್ರಿ ಕೂತು ಪ್ಯಾಕ್ ಮಾಡಿದೆವು. ಬೆಳಿಗ್ಗೆ ಶಟರ್ ಎತ್ತಿದರೆ ಪ್ಯಾಕೆಟ್‌ಗಳೆಲ್ಲ ಪೂರಿ ಹಾಗೆ ಉಬ್ಬಿ ಕೂತಿದ್ದವು. ಕೆಲವಂತೂ ಸೀಲ್ ಬಿಚ್ಚಿಕೊಂಡು ಕಪಾಟಿನ ತುಂಬ ಪುಡಿ. ಹುರಿದ ಬೀಜದಿಂದ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತಲೇ ಇರುತ್ತದೆ. ಅದಕ್ಕೇ ಹುರಿದ ಮೇಲೆ ಕಡಿಮೆ ಅಂದರೂ ಒಂದು ದಿನ ಬಿಡಬೇಕು, ಇಲ್ಲವೇ ವಾಲ್ವ್ ಇರುವ ಪೌಚ್ ಬಳಸಬೇಕು. ಅದು ನನಗೆ ಗೊತ್ತಿರಲಿಲ್ಲ. ಆದರೆ ನಿಜವಾದ ಪೆಟ್ಟು ಬಿದ್ದಿದ್ದು ಜನವರಿಯಲ್ಲಿ. ಉಳಿದ ಪುಡಿಯನ್ನು ಊರಿನವರಿಗೇ ಕೊಟ್ಟೆ. ತಿಂಗಳಿಗೆ ಒಂದೂವರೆ ಕೆಜಿ ತಪ್ಪದೆ ಒಯ್ಯುತ್ತಿದ್ದ ಮೇಷ್ಟ್ರೊಬ್ಬರು ವಾಪಸ್ ಬಂದು, ‘ಏನಪ್ಪಾ, ಈ ಸಲ ಡಿಕಾಕ್ಷನ್‌ಗೆ ಘಮಾನೇ ಇಲ್ವಲ್ಲ’ ಅಂದರು. ಜಗಳ ಮಾಡಲಿಲ್ಲ. ಮುಂದಿನ ತಿಂಗಳಿಂದ ಬರಲಿಲ್ಲ, ಅಷ್ಟೇ. ಅವರನ್ನು ಮತ್ತೆ ಅಂಗಡಿಗೆ ಕರೆಸಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು.

ಹಸಿ ಬೀಜ ಹಾಗಲ್ಲ. ಚೆನ್ನಾಗಿ ಒಣಗಿದ್ದರೆ, ನೆಲಕ್ಕೆ ತಾಗದ ಹಾಗೆ ಮಣೆ ಮೇಲೆ ಇಟ್ಟರೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಸೀಸನ್‌ನಲ್ಲಿ ಉಳಿದರೂ ಫೆಬ್ರವರಿಗೆ ಆಗುತ್ತದೆ. ಕಾಫಿಯಲ್ಲಿ ಅರೇಬಿಕಾ, ರೊಬಸ್ಟಾ ಅಂತ ಎರಡು ಬಗೆ. ಡಿಸೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಇನ್ನೂ ನಡೆಯುತ್ತಿರುತ್ತದೆ, ರೊಬಸ್ಟಾ ಕೊಯ್ಲು ಅದರ ನಂತರ. ನಿಮಗೆ ಸಿಗುವುದು ಹೆಚ್ಚಾಗಿ ಕಳೆದ ಹಂಗಾಮಿನ ಬೀಜ. ಹಾಗಾಗಿ ಮೂಟೆ ಬಿಚ್ಚಿ, ಮೂಸಿ ನೋಡಿ ತೆಗೆದುಕೊಳ್ಳಿ. ಲೆಕ್ಕ ಹಾಕುವಾಗ ಒಂದು ಮರೆಯಬೇಡಿ: 100 ಕೆಜಿ ಹಸಿ ಬೀಜ ಹುರಿದರೆ ಕೈಗೆ ಬರುವುದು 80ರಿಂದ 85 ಕೆಜಿ. ಹೊಸಬರು ಹಸಿ ಬೀಜದ ರೇಟಿನ ಮೇಲೆ ಪುಡಿಯ ರೇಟು ಕಟ್ಟಿ ನಷ್ಟ ಮಾಡಿಕೊಳ್ಳುವುದು ಇಲ್ಲೇ. ಸೀಸನ್‌ನಲ್ಲಿ ನಾನು ದಿನ ಬಿಟ್ಟು ದಿನ ಹುರಿಸುತ್ತೇನೆ, ನಾಳೆಗೆ ಬೇಕಾದಷ್ಟನ್ನು ಮಾತ್ರ ಪುಡಿ ಮಾಡುತ್ತೇನೆ. ಖಾಲಿಯಾದರೆ ‘ನಾಳೆ ಬೆಳಿಗ್ಗೆ ಬನ್ನಿ’ ಅಂತ ಹೇಳಲು ನನಗೆ ಸಂಕೋಚ ಇಲ್ಲ. ಹೋಂಸ್ಟೇಯಲ್ಲಿ ಉಳಿದವರು ಊರಿಗೆ ಹೊರಡುವ ದಿನ ನಿಜವಾಗಲೂ ಬರುತ್ತಾರೆ.

ಇನ್ನು ಕ್ಯಾಲೆಂಡರ್. ಡಿಸೆಂಬರ್ ಅಂದರೆ ಪೂರ್ತಿ ತಿಂಗಳು ಪ್ರವಾಸಿಗರು ಅಂತ ತಿಳಿದುಕೊಳ್ಳಬೇಡಿ. ಮೊದಲು ದತ್ತ ಜಯಂತಿ ಯಾವತ್ತು ಅಂತ ನೋಡಿ. ಅದು ಮಾರ್ಗಶಿರ ಹುಣ್ಣಿಮೆಗೆ ಬರುವುದರಿಂದ ತಾರೀಕು ಪ್ರತಿ ವರ್ಷ ಬದಲಾಗುತ್ತದೆ. ಆ ಕೆಲವು ದಿನ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆಗೆ ಪ್ರವಾಸಿಗರನ್ನು ಜಿಲ್ಲಾಡಳಿತ ಬಿಡುವುದಿಲ್ಲ. 2024ರಲ್ಲಿ ಅದು ಡಿಸೆಂಬರ್ 14ಕ್ಕಿತ್ತು, ತೊಂದರೆ ಆಗಲಿಲ್ಲ. 2023ರಲ್ಲಿ 26ಕ್ಕೆ ಬಂದಿತ್ತು, ಸರಿಯಾಗಿ ಕ್ರಿಸ್‌ಮಸ್ ರಜೆಯ ಮಧ್ಯೆ. ಬೆಟ್ಟಕ್ಕೆ ಹೋಗಲಾಗದವರು ಊರಿಗೇ ಬರುವುದಿಲ್ಲ, ಅಲ್ವಾ? ಅದಕ್ಕೇ ಹೇಳುವುದು, ಬೀಜ ಖರೀದಿಸುವ ಮುಂಚೆ ಪಂಚಾಂಗ ನೋಡಿ.

ಕೆಲಸಕ್ಕೆ ಜನ ಬೇಕಿದ್ದರೆ ನವೆಂಬರ್‌ನಲ್ಲೇ ಮಾತಾಡಿಕೊಳ್ಳಿ. ಕೊಯ್ಲಿನ ಹೊತ್ತಿನಲ್ಲಿ ಎಲ್ಲರೂ ತೋಟದಲ್ಲಿರುತ್ತಾರೆ.

ಗಲ್ಲಾದ ಮುಂದೆ ಹತ್ತು ಜನ ನಿಂತಾಗಲೂ ಪ್ರತಿಯೊಬ್ಬರಿಗೂ ಒಂದೇ ಒಂದು ಪ್ರಶ್ನೆ ಕೇಳಿ: ‘ಮನೆಯಲ್ಲಿ ಕಾಫಿ ಹೇಗೆ ಮಾಡ್ತೀರಿ?’ ಬೆಂಗಳೂರಿನಿಂದ ಬಂದವರು ‘ಪ್ಯೂರ್ ಕೊಡಿ, ಚಿಕೋರಿ ಬೇಡ’ ಅನ್ನುತ್ತಾರೆ. ಆದರೆ ಮನೆಯಲ್ಲಿ ಅವರು ಕುಡಿಯುವುದು ಹಾಲು ಜಾಸ್ತಿ ಹಾಕಿದ ಫಿಲ್ಟರ್ ಕಾಫಿ. ಬರೀ ಅರೇಬಿಕಾ ಒಯ್ದು ಮಾಡಿದರೆ ಅವರಿಗೆ ತೆಳ್ಳಗೆ ಅನ್ನಿಸುತ್ತದೆ. ತಪ್ಪು ನಿಮ್ಮ ಅಂಗಡಿಯ ಮೇಲೆ ಬರುತ್ತದೆ. ನಾನು ಒಂದು ಫ್ಲಾಸ್ಕಿನಲ್ಲಿ ಪ್ಯೂರ್, ಇನ್ನೊಂದರಲ್ಲಿ 80:20 (80 ಪಾಲು ಕಾಫಿ, 20 ಪಾಲು ಚಿಕೋರಿ) ಮಾಡಿಟ್ಟು ಎರಡೆರಡು ಗುಟುಕು ಕುಡಿಸುತ್ತೇನೆ. ಆಮೇಲೆ ಅವರೇ ಹೇಳುತ್ತಾರೆ. ಚಿಕೋರಿ ಸೇರಿಸಿದ ಪ್ಯಾಕೆಟ್ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಶೇಕಡಾ ಲೆಕ್ಕದಲ್ಲಿ ಬರೆಯಲೇಬೇಕು. ಕಾಫಿ ಶೇ 51ಕ್ಕಿಂತ ಕಡಿಮೆ ಇರುವ ಹಾಗಿಲ್ಲ. ತಕ್ಕಡಿಯ ಸೀಲ್ ಈ ವರ್ಷದ್ದಾ ಅಂತಲೂ ಈಗಲೇ ನೋಡಿಕೊಳ್ಳಿ.

ಯುಪಿಐ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 2025ರ ಜುಲೈನಲ್ಲಿ ಕರ್ನಾಟಕದ ಎಷ್ಟೋ ಸಣ್ಣ ಅಂಗಡಿಗಳಿಗೆ ಯುಪಿಐ ಲೆಕ್ಕ ನೋಡಿ ತೆರಿಗೆ ನೋಟಿಸ್ ಬಂದಿದ್ದು ನಿಮಗೂ ನೆನಪಿರಬಹುದು. ಮನೆಯ ದುಡ್ಡು, ಅಂಗಡಿ ದುಡ್ಡು ಒಂದೇ ಖಾತೆಗೆ ಬರುತ್ತಿದ್ದರೆ ಇವತ್ತೇ ಬೇರೆ ಮಾಡಿ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸೀಸನ್‌ನ ಹತ್ತು ದಿನ ಆ ಲೆಕ್ಕವನ್ನು ಬೇಗ ಮೇಲಕ್ಕೆ ತಳ್ಳುತ್ತದೆ. ಜನ ಜಾಸ್ತಿ ಇರುವ ದಿನ ನೆಟ್‌ವರ್ಕ್ ಕೈಕೊಡುತ್ತದೆ, ಹತ್ತು, ಇಪ್ಪತ್ತರ ಚಿಲ್ಲರೆಯನ್ನೂ ಇಟ್ಟುಕೊಳ್ಳಿ.

ಪ್ರವಾಸಿಗರು ಒಯ್ಯುವ ಮೊದಲ ಪ್ಯಾಕೆಟ್‌ನಲ್ಲಿ ಲಾಭ ಅಷ್ಟಕ್ಕಷ್ಟೇ. ಅದು ಮುಗಿದ ಮೇಲೆ ಬರುವ ಫೋನ್ ಮುಖ್ಯ. ಪ್ಯಾಕೆಟ್ ಹಿಂದೆ ವಾಟ್ಸ್ಆ್ಯಪ್ ನಂಬರ್, ಅವರು ಒಯ್ದ ಮಿಶ್ರಣ, ಪುಡಿ ಮಾಡಿದ ತಾರೀಕು ದಪ್ಪ ಅಕ್ಷರದಲ್ಲಿ ಬರೆಯಿರಿ. ನನಗೆ ಫೆಬ್ರವರಿ, ಮಾರ್ಚ್‌ನ ಕೊರಿಯರ್ ಆರ್ಡರ್‌ಗಳು ಹೆಚ್ಚಾಗಿ ಹೀಗೆ ಬಂದವೇ. ಬೆಂಗಳೂರಿಗೆ, ಮೈಸೂರಿಗೆ ಕಳಿಸುವುದು ಸುಲಭ. ಚೆನ್ನೈ, ಹೈದರಾಬಾದ್‌ನವರು ಕೇಳಿದರೆ ತಡೆಯಿರಿ, ಬೇರೆ ರಾಜ್ಯಕ್ಕೆ ಸರಕು ಮಾರಲು ವಹಿವಾಟು ಎಷ್ಟೇ ಇರಲಿ ಜಿಎಸ್‌ಟಿ ನೋಂದಣಿ ಬೇಕು.

ಊರಿನ ಗಿರಾಕಿಗಳಿಗೆ ಆ ಹತ್ತು ದಿನ ಕ್ಯೂ ನಿಲ್ಲಿಸಬೇಡಿ. ನಾನು ಅವರ ಪುಡಿಯನ್ನು ಹೆಸರು ಬರೆದು ಮುಂಚೆಯೇ ಬೇರೆ ಎತ್ತಿಡುತ್ತೇನೆ, ಬೆಳಿಗ್ಗೆ ಎಂಟಕ್ಕೆ ಬಂದು ಒಯ್ಯುತ್ತಾರೆ. ಮೊದಲನೆಯ ಪ್ಯಾಕೆಟ್ ಮೇಷ್ಟ್ರದು.

ಹುರಿಯುವ ಯಂತ್ರ ನಿಮ್ಮದೇ ಇದೆಯಾ, ಹೊರಗೆ ಹುರಿಸುತ್ತೀರಾ ಅಂತ ನೀವು ಬರೆದಿಲ್ಲ. ಹೊರಗೆ ಆದರೆ ಅವರ ಹತ್ತಿರ ಡಿಸೆಂಬರ್ ಕೊನೆಯ ವಾರದ ದಿನಗಳನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ಆ ವಾರ ಅವರಿಗೂ ಪುರುಸೊತ್ತು ಇರುವುದಿಲ್ಲ.