ಲಕ್ಷ ರೂಪಾಯಿಯ ಕೋಟು ಕೊಳ್ಳಲು ದುಡ್ಡು ಎಲ್ಲಿಂದ ಬರುತ್ತೆ?

ಪ್ರಶ್ನೆ: ಮಗಳು ಟೊರೊಂಟೊದಲ್ಲಿ ಓದುತ್ತಿದ್ದಾಳೆ. ವಿಡಿಯೊ ಕಾಲ್ ಮಾಡಿದಾಗ ನೋಡಿದರೆ ಅವಳ ಜೊತೆಯವರಲ್ಲಿ ಎಷ್ಟೋ ಜನ ತೋಳಿನ ಮೇಲೆ ಕೆಂಪು-ನೀಲಿ ದುಂಡು ಬಿಲ್ಲೆ ಇರುವ ದಪ್ಪ ಕೋಟು ಹಾಕಿಕೊಂಡಿರುತ್ತಾರೆ. ವಿಚಾರಿಸಿದರೆ ಒಂದಕ್ಕೆ ಲಕ್ಷದ ಮೇಲಂತೆ! ಅವರೂ ನಮ್ಮ ಹಾಗೆ ಬ್ಯಾಂಕ್ ಸಾಲ ಮಾಡಿ ಹೋದ ಮಕ್ಕಳೇ. ಅಷ್ಟು ದುಡ್ಡು ಎಲ್ಲಿಂದ ಬರುತ್ತದೆ? ಮಗಳು ಬಾಯಿಬಿಟ್ಟು ಕೇಳಿಲ್ಲ, ಆದರೆ ಆಸೆ ಇದೆ ಅನ್ನಿಸುತ್ತದೆ. ಅಡಿಕೆ ಮಂಡಿಯಲ್ಲಿ ಅಡ್ವಾನ್ಸ್ ಎತ್ತಿ ಕೊಡಿಸಿಬಿಡಲಾ?
— ಅಡಿಕೆ ಬೆಳೆಗಾರರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೊದಲು ಕೊನೆಯ ಮಾತಿಗೆ ಉತ್ತರ. ಬೇಡ. ಕೊಯ್ಲಿಗೆ ಮುಂಚೆ ಎತ್ತಿದ ದುಡ್ಡನ್ನು ಕೊಳೆರೋಗ ಬಂದ ವರ್ಷವೂ ತೀರಿಸಲೇಬೇಕು. ಅದನ್ನು ನಾವು ನಿಮಗೆ ಹೇಳಿಕೊಡಬೇಕಾಗಿಲ್ಲ.

ನೀವು ನೋಡಿದ್ದು ಕೆನಡಾ ಗೂಸ್ ಕಂಪನಿಯ ಕೋಟು. 1957ರಲ್ಲಿ ಟೊರೊಂಟೊದಲ್ಲೇ ಶುರುವಾದ ಕಂಪನಿ ಅದು. ಉದ್ದನೆಯ ಕೋಟಿಗೆ 1,500 ಕೆನಡಾ ಡಾಲರ್ ಆಸುಪಾಸು, ಅದರ ಮೇಲೆ ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದ 13% ತೆರಿಗೆ, ಒಟ್ಟು 1,695 ಡಾಲರ್. ಡಾಲರ್‌ಗೆ 60 ರೂಪಾಯಿ ಅಂತ ಹಿಡಿದರೂ ಲಕ್ಷ ದಾಟಿತು.

ಈಗ ಅದೇ ಲೆಕ್ಕವನ್ನು ಅಲ್ಲಿ ಕೂತು ಮಾಡಿ ನೋಡಿ. 2025ರ ಅಕ್ಟೋಬರ್‌ನಿಂದ ಒಂಟಾರಿಯೊದಲ್ಲಿ ಕನಿಷ್ಠ ಕೂಲಿ ಗಂಟೆಗೆ 17.60 ಡಾಲರ್. ಕಾಲೇಜು ನಡೆಯುವಾಗ ವಿದೇಶಿ ವಿದ್ಯಾರ್ಥಿಗಳು ಹೊರಗೆ ವಾರಕ್ಕೆ 24 ಗಂಟೆ ದುಡಿಯಬಹುದು. ಕಾಫಿ ಅಂಗಡಿಯಲ್ಲೋ ಗೋದಾಮಿನಲ್ಲೋ ನಾಲ್ಕು ವಾರ ನಿಂತರೆ 96 ಗಂಟೆ, ಸುಮಾರು 1,690 ಡಾಲರ್. ಕಡಿತ ಗಿಡಿತ ಬಿಟ್ಟರೆ ಒಂದು ಕೋಟಿನ ಬೆಲೆ ಸರಿಯಾಗಿ ಅಷ್ಟೇ! ನಮಗೆ ಲಕ್ಷ ಅಂದರೆ ವರ್ಷದ ಮಾತು, ಅವರಿಗೆ ಅದು ಒಂದು ತಿಂಗಳ ಪಾರ್ಟ್‌ಟೈಮ್ ಸಂಬಳ. ಆ ತಿಂಗಳು ಬಾಡಿಗೆ, ಊಟ, ಬಸ್ ಪಾಸ್‌ಗೆ ಏನು ಮಾಡಿದರು ಅಂತ ಕೇಳಿದರೆ ಆಮೇಲೆ ನಿಜ ಹೊರಗೆ ಬರುತ್ತದೆ. ಮನೆಯಿಂದ ಕಳಿಸಿದ್ದರಲ್ಲೋ, ವೀಸಾಗೆ ಅಂತ ಅಲ್ಲಿನ ಬ್ಯಾಂಕಿನಲ್ಲಿ ಮೊದಲೇ ಕಟ್ಟಿದ ಜಿಐಸಿ ಅನ್ನುವ ಠೇವಣಿ ದುಡ್ಡಿನಲ್ಲೋ ತಿಂಗಳು ದೂಡಿರುತ್ತಾರೆ. ಆ ಜಿಐಸಿ 2024ರಲ್ಲಿ 10,000 ಡಾಲರ್‌ನಿಂದ ಒಮ್ಮೆಲೇ 20,635ಕ್ಕೆ ಏರಿತು, ಆಮೇಲೆ ಇನ್ನೂ ಏರಿದೆ. ಅದು ತಿಂಗಳು ತಿಂಗಳು ಕಂತಿನಲ್ಲಿ ಖಾತೆಗೆ ಬರುವ ಹೊಟ್ಟೆ-ಬಟ್ಟೆಯ ದುಡ್ಡು, ನಿಜ, ಆದರೆ ಇಂಥ ಬಟ್ಟೆಯದಲ್ಲ. ವಿಡಿಯೊ ಕಾಲ್‌ನಲ್ಲಿ ಕೋಟು ಕಾಣುತ್ತದೆ, ನೆಲಮಾಳಿಗೆಯಲ್ಲಿ ನಾಲ್ಕು ಜನ ಹಂಚಿಕೊಂಡ ರೂಮು ಕಾಣುವುದಿಲ್ಲ, ಅಲ್ವಾ?

ಇನ್ನು ಕೆಲವರದು ಸೆಕೆಂಡ್ ಹ್ಯಾಂಡ್. ಅಲ್ಲಿ ಇದಕ್ಕೆ ಯಾರೂ ನಾಚಿಕೊಳ್ಳುವುದಿಲ್ಲ. ವ್ಯಾಲ್ಯೂ ವಿಲೇಜ್ ಥರದ ಹಳೆಬಟ್ಟೆ ಅಂಗಡಿಗಳೇ ದೊಡ್ಡ ದೊಡ್ಡವು ಇವೆ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲೂ ಸಿಗುತ್ತವೆ. ಚಳಿ ಮುಗಿಯುವ ಮಾರ್ಚ್-ಏಪ್ರಿಲ್‌ನಲ್ಲಿ ಕೊಂಡರೆ ಬೆಲೆ ಇನ್ನೂ ಇಳಿದಿರುತ್ತದೆ. ಇನ್ನು ಕೆಲವರದು ಕಂತಿನ ವ್ಯಾಪಾರ, ಅಂಗಡಿಯಲ್ಲೇ ನಾಲ್ಕು ಭಾಗ ಮಾಡಿ ಕೊಡುತ್ತಾರೆ. ಮತ್ತೆ ಕೆಲವು ಶುದ್ಧ ನಕಲಿ. ಅಸಲಿಯಲ್ಲಿ ಒಳಹೊಲಿಗೆಯ ಹತ್ತಿರ ಹೊಳೆಯುವ ಹೊಲೊಗ್ರಾಂ ಪಟ್ಟಿ ಇರುತ್ತದೆ, ಅದರಲ್ಲಿ ಹಿಮಕರಡಿಯ ಚಿತ್ರ. ಅದಿಲ್ಲದೆ ಬರೀ ಬಿಲ್ಲೆ ನೋಡಿ ದುಡ್ಡು ಕೊಡಬಾರದು. ಮತ್ತೆ ನಿಜವಾಗಿ ಶ್ರೀಮಂತರ ಮಕ್ಕಳೂ ಇದ್ದಾರೆ, ಅವರ ವಿಷಯ ಬಿಡಿ.

ಅಷ್ಟಕ್ಕೂ ಬೇಕಾ ಅದು? ಈ ಕಂಪನಿಯ ಹೆಸರುವಾಸಿ ಎಕ್ಸ್‌ಪೆಡಿಷನ್ ಕೋಟನ್ನು 1980ರ ದಶಕದಲ್ಲಿ ಮಾಡಿದ್ದೇ ಅಂಟಾರ್ಕ್ಟಿಕಾದಲ್ಲಿ ಕೆಲಸ ಮಾಡುವ ವಿಜ್ಞಾನಿಗಳಿಗೆ. ಮೈನಸ್ 30ಕ್ಕೂ ತಡೆಯುವಂಥದ್ದು. ಟೊರೊಂಟೊ ಜನವರಿಯಲ್ಲಿ ಮೈನಸ್ 10, 15ಕ್ಕೆ ಇಳಿದರೆ ಅಲ್ಲಿಯವರೇ ಗೊಣಗುತ್ತಾರೆ. ಇನ್ನೂ ಹೆಚ್ಚು ಚಳಿಯ ವಿನ್ನಿಪೆಗ್ ಕಡೆ ಓದುತ್ತಿದ್ದರೆ ಬೇರೆ ಮಾತು. ಟೊರೊಂಟೊಗೆ 200–300 ಡಾಲರ್‌ನ ಒಳ್ಳೆಯ ಕೋಟು, ಒಳಗೊಂದು ಥರ್ಮಲ್, ಅದರ ಮೇಲೊಂದು ಫ್ಲೀಸ್ ಧಾರಾಳವಾಗಿ ಸಾಕು. ಕೋಟಿಗಿಂತ ಮುಖ್ಯ ಬೂಟು. ಹಿಮ ಕರಗಿ ಕೆಸರಾದ ರಸ್ತೆಯಲ್ಲಿ ಕಾಲು ಒದ್ದೆಯಾದರೆ ಮೈಮೇಲೆ ಯಾವ ಕೋಟಿದ್ದರೂ ನಡುಕ ನಿಲ್ಲುವುದಿಲ್ಲ. ಮಗಳನ್ನು ಕೇಳಿ, ಬೂಟು ಸರಿ ಇದೆಯಾ ಅಂತ. ಇಲ್ಲ ಅಂದರೆ ಅದಕ್ಕೆ ಕಳಿಸಿ. ಬಿಲ್ಲೆ ಕೋಟೇ ಬೇಕು ಅಂದರೆ ಮಾರ್ಚ್‌ವರೆಗೆ ಕಾಯಲಿ, ತನ್ನ ಸಂಬಳದಲ್ಲಿ ಸೆಕೆಂಡ್ ಹ್ಯಾಂಡ್ ತಗೊಳ್ಳಲಿ. ಅದರಲ್ಲೇನೂ ತಪ್ಪಿಲ್ಲ.

ಪ್ರಶ್ನೆ: ಮನಾಲಿಗೆ ಹೋಗಬೇಕು. ದೊಡ್ಡ ಬ್ರ್ಯಾಂಡಿನ ಜಾಕೆಟ್ ಒಂದು 42,000 ರೂಪಾಯಿಗೆ ಇದೆ, ನೋ ಕಾಸ್ಟ್ ಇಎಂಐ. ಬಡ್ಡಿ ಇಲ್ಲ ಅಂದಮೇಲೆ ಏನು ತೊಂದರೆ?
— ವಿನೋಬನಗರ, ಶಿವಮೊಗ್ಗ

ಉತ್ತರ: ಸೊನ್ನೆ ಬಡ್ಡಿ ಅನ್ನೋದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಒಂದೇ ಸಲ ದುಡ್ಡು ಕೊಟ್ಟವರಿಗೆ ಸಿಗುವ ಡಿಸ್ಕೌಂಟ್ ನಿಮಗೆ ಸಿಗುವುದಿಲ್ಲ, ಬಡ್ಡಿ ಅಲ್ಲೇ ಅಡಗಿರುತ್ತದೆ. ಮೇಲೆ ಪ್ರೊಸೆಸಿಂಗ್ ಫೀ. ಸಾಲದ್ದಕ್ಕೆ ಆ ಕಾಣದ ಬಡ್ಡಿಗೂ 18% ಜಿಎಸ್‌ಟಿ ಬೀಳುತ್ತದೆ. ಇದು ಎಲ್ಲ ಸರಿಯಾಗಿ ನಡೆದರೆ. ಕಾರ್ಡ್ ಬಿಲ್ ಪೂರ್ತಿ ಕಟ್ಟದೆ ಕನಿಷ್ಠ ಮೊತ್ತ ಕಟ್ಟುತ್ತಾ ಹೋದರೆ ತಿಂಗಳಿಗೆ 3.5% ಬಡ್ಡಿ ಹಾಕುವ ಕಾರ್ಡುಗಳಿವೆ. 42,000 ಬಾಕಿ ನಿಂತರೆ ಒಂದು ತಿಂಗಳಿಗೇ 1,470 ರೂಪಾಯಿ.

ಮನಾಲಿಯಿಂದ ಹಿಮ ನೋಡಲು ಹೋಗುವ ದಾರಿಯುದ್ದಕ್ಕೂ ಕೋಟು, ಬೂಟು ಬಾಡಿಗೆಗೆ ಕೊಡುತ್ತಾರೆ. ಫೋಟೊದಲ್ಲಿ ಅಷ್ಟು ಚೆನ್ನಾಗಿ ಕಾಣುವುದಿಲ್ಲ, ಒಪ್ಪಿದೆ. ಬಂದಮೇಲೆ ಆ ಜಾಕೆಟ್ಟನ್ನು ಶಿವಮೊಗ್ಗದಲ್ಲಿ ಯಾವತ್ತು ಹಾಕ್ತೀರಿ, ಅದನ್ನು ಯೋಚನೆ ಮಾಡಿ.

ಪ್ರಶ್ನೆ: ಜರ್ಮನಿಯಲ್ಲಿರುವ ಮಗ ರಜೆಗೆ ಬಂದವನು ತುಪ್ಪಳ ತುಂಬಿದ ದುಬಾರಿ ಕೋಟನ್ನು ಇಲ್ಲೇ ಬಿಟ್ಟು ಹೋಗಿದ್ದಾನೆ. ಮಳೆಗಾಲಕ್ಕೆ ಬೂಷ್ಟು ಹಿಡಿಯದ ಹಾಗೆ ಇಡುವುದು ಹೇಗೆ? ಕಂಬಳಿ ಜೊತೆ ಒಲೆ ಮೇಲಿನ ಅಟ್ಟದಲ್ಲಿ ಇಡಬಹುದಾ?
— ಹೊಸನಗರ

ಉತ್ತರ: ಬೇಡವೇ ಬೇಡ. ಕಂಬಳಿ ಹೊಗೆ ತಡೆದುಕೊಳ್ಳುತ್ತದೆ, ಇದರ ಹೊರಬಟ್ಟೆ ನೈಲಾನು, ಕಿಡಿ ತಾಗಿದರೆ ತೂತು. ಒಳಗಿರುವುದು ಬಾತುಕೋಳಿಯ ನಯ ತುಪ್ಪಳ. ಅದಕ್ಕೆ ತೇವ ಹಿಡಿದರೆ ಗಂಟುಗಂಟಾಗಿ ಒಂದು ಮೂಲೆಗೆ ಸೇರಿಕೊಳ್ಳುತ್ತದೆ, ಕೋಟಿನ ಉಳಿದ ಭಾಗ ಬರೀ ಬಟ್ಟೆಯಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒತ್ತಿ ಮಡಚಲೂ ಬೇಡಿ. ಹಳೆಯ ಹತ್ತಿ ಪಂಚೆ ಸುತ್ತಿ, ಗೋಡೆಗೆ ತಾಗದ ಹಾಗೆ ಹ್ಯಾಂಗರ್‌ಗೆ ಹಾಕಿ. ಜೇಬಿನಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಇರಲಿ. ಆಷಾಢದಲ್ಲಿ ಬಿಸಿಲು ಎಲ್ಲಿಂದ ತರೋದು ಅಂತೀರಾ? ಹೊಳವಾದ ದಿನ ತೆಗೆದು ಫ್ಯಾನ್ ಗಾಳಿಗೆ ಹರಡಿ, ಕೈಯಲ್ಲಿ ತಟ್ಟಿ ತುಪ್ಪಳ ಬಿಡಿಸಿ.

ಅದಕ್ಕಿಂತ ಸುಲಭದ ದಾರಿ, ಯಾರಾದರೂ ಹೋಗುವಾಗ ಕಳಿಸಿಬಿಡಿ. ಬೇಡ ಅಂದರೆ ಮಗ ಅಲ್ಲೇ ವಿಂಟೆಡ್ ಅನ್ನುವ ಹಳೆಬಟ್ಟೆ ಮಾರುವ ಆಪ್‌ನಲ್ಲಿ ಮಾರಬಹುದು. ಚಳಿ ಶುರುವಾಗುವ ಅಕ್ಟೋಬರ್‌ನಲ್ಲಿ ಗಿರಾಕಿ ಜಾಸ್ತಿ. ಹಳೆಯದನ್ನು ಹೀಗೆ ಮಾರಿದ ದುಡ್ಡಿಗೆ ಸ್ವಲ್ಪ ಸೇರಿಸಿ ಮುಂದಿನ ಕೋಟು ಕೊಳ್ಳುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಸಲಿ ಬಿಲ್ ಇದ್ದರೆ ಕೊಳ್ಳುವವರಿಗೆ ನಂಬಿಕೆ, ಬ್ಯಾಗಿನಲ್ಲಿ ಎಲ್ಲಾದರೂ ಇದೆಯಾ ಹುಡುಕಿ ನೋಡಿ.